ಡಬರಿ ಮುಚ್ಚಳದ ಗುರಾಣಿ

ಮಗಳು ಭೂಮಿಕಾ ಶಾಲೆಯಿಂದ ಬಂದವಳೇ ಚೀಲವನ್ನು ಬಳೆ ಪೆಟ್ಟಿಗೆಗಳ ಮೇಲೆ ಎಸೆದು, ಶಾಲೆಯ ನಾಟಕದಲ್ಲಿ ತಾನೇ ಹೀರೋ ಎಂದೂ ತನಗೊಂದು ಗುರಾಣಿ ಬೇಕೆಂದೂ ಹೇಳಿದಳು. ನಾನು ಗಿರಾಕಿಯೊಬ್ಬರ ಕೈಗೆ ಬಳೆ ಏರಿಸುತ್ತಿದ್ದೆ. "ರಟ್ಟಿಂದು ಮಾಡ್ಕೊಡ್ತೀನಿ ಬಿಡು. ಮೇಲೆ ಬೆಳ್ಳಿ ಕಾಗದ ಅಂಟ್ಸಿದ್ರಾತು" ಎಂದೆ.

"ರಟ್ಟಿಂದು ಬ್ಯಾಡವ್ವ. ಲೋಹದ್ದೇ ಬೇಕು."

ಗಿರಾಕಿ ಅರ್ಧ ಬಳೆ ಏರಿದ್ದ ಕೈಯನ್ನು ಹಾಗೇ ಹಿಡಿದು ಅವಳ ಮುಖ ನೋಡಿದರು. ನಮ್ಮೂರಿನಲ್ಲಿ ಯಾರೂ ಲೋಹ ಹಿಡಿದುಕೊಂಡು ಸ್ಟೇಜು ಹತ್ತುವುದಿಲ್ಲ.

ಹೆದರಿದವರ ಕೈಯಲ್ಲಿ ಲೋಹ ಗುಂಯ್‌ಗುಡುತ್ತದೆ. ಸಣ್ಣ ಹೆದರಿಕೆಯಾದರೆ ಸೊಳ್ಳೆಯಷ್ಟು, ದೊಡ್ಡದಾದರೆ ಹಿಟ್ಟಿನ ಗಿರಣಿಯಷ್ಟು. ಅದಕ್ಕೇ ನಮ್ಮ ಬಸ್ಸುಗಳ ಕಂಬಿಗೆಲ್ಲ ಹಗ್ಗ ಸುತ್ತಿರುತ್ತಾರೆ, ಆಸ್ಪತ್ರೆಯ ಮಂಚಗಳು ಮರದವು, ಪರೀಕ್ಷೆಯ ದಿನ ಮಕ್ಕಳು ಪ್ಲಾಸ್ಟಿಕ್ಕಿನ ಕಂಪಾಸ್ ಬಾಕ್ಸ್ ಒಯ್ಯುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡುವುದು ಪಿಂಗಾಣಿ ಬಟ್ಟಲಿನಲ್ಲಿ, ಎರಡೂ ಕಡೆಯವರ ಮರ್ಯಾದೆ ಉಳಿಯಲಿ ಎಂದು. ಮದುವೆಯ ಹುಡುಗಿಗೆ ಮೊಣಕೈವರೆಗೆ ಗಾಜಿನ ಬಳೆಯನ್ನೇ ತೊಡಿಸುತ್ತಾರೆ. ನನ್ನ ಅಂಗಡಿ ನಡೆಯುವುದು ಅದರಿಂದಲೇ. ಯಾರ ಕೈಯಲ್ಲಿನ ಲೋಟವಾದರೂ ಗುಂಯ್ ಎಂದರೆ ಕೇಳಿಸದವರಂತೆ ಇರುವುದು ದೊಡ್ಡವರ ರೂಢಿ. ಕೇಳಿಸಿತು ಎಂದು ಕೂಗುವುದು ಮಕ್ಕಳ ರೂಢಿ.

ನನ್ನ ಗಂಡ ತಿಪ್ಪೇಶಿ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದರು. ಹಿಂದಿನ ಮಳೆಗಾಲದಲ್ಲಿ ಕಂಬದಿಂದ ಬಿದ್ದು ಕಾಲು ಮುರಿದಿತ್ತು. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಕೆಲಸಕ್ಕೆ ಹೋದರು. ಮೊದಲ ದಿನವೇ ಪೇಟೆಬೀದಿಯ ಕಬ್ಬಿಣದ ಕಂಬಕ್ಕೆ ಕೈಯಿಟ್ಟರಂತೆ. ಕಂಬ ಗುಂಯ್ ಎಂದಿತು. ಅಷ್ಟಕ್ಕೇ ನಿಂತಿದ್ದರೆ ಜೊತೆಗಿದ್ದವರು ಕೇಳಿಸದವರಂತೆ ಇದ್ದುಬಿಡುತ್ತಿದ್ದರು. ಆದರೆ ಕಂಬದ ಸದ್ದು ತಂತಿಗೆ ಹತ್ತಿತು, ತಂತಿಯಿಂದ ಮುಂದಿನ ಕಂಬಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ. ಬೀದಿಯ ತುದಿಯಲ್ಲಿದ್ದ ನನ್ನ ಅಂಗಡಿಯೊಳಗೂ ಬಂತು. ಯಾರದೋ ಏನೋ ಅಂದುಕೊಂಡು ನಾನು ಬಳೆ ಜೋಡಿಸುತ್ತಲೇ ಇದ್ದೆ. ಮಧ್ಯಾಹ್ನ ಅವರು ಮನೆಗೆ ಬಂದು ಮಾತಾಡದೆ ಮಲಗಿದಾಗ ಗೊತ್ತಾಯಿತು.

ಕಂಬ ಗುಂಯ್‌ಗುಟ್ಟಿಸುವವರನ್ನು ಕಂಬ ಹತ್ತಿಸುವ ಹಾಗಿಲ್ಲ. ಅವರನ್ನು ಕರೆಂಟು ಹೋದಾಗ ಜನ ಬೈಯಲು ಮಾಡುವ ಫೋನಿನ ಮುಂದೆ ಕೂರಿಸಿದರು. ಬೀದಿಯ ಹುಡುಗರು ಅವರಿಗೆ ಗುಂಯ್ಯಪ್ಪ ಎಂದು ಹೆಸರಿಟ್ಟರು. ಅಂದಿನಿಂದ ಅವರು ಹೊರಗೆ ಲೋಹ ಮುಟ್ಟುವುದನ್ನೇ ಬಿಟ್ಟರು. ಹೋಟೆಲಿನಲ್ಲಿ ಗಾಜಿನ ಲೋಟ ಕೇಳುತ್ತಿದ್ದರು. ಗೇಟನ್ನು ಮೊಣಕೈಯಿಂದ ತಳ್ಳುತ್ತಿದ್ದರು. ಮನೆಯಲ್ಲೂ ಬಾಳೆ ಎಲೆ, ಇಲ್ಲವೇ ಪ್ಲಾಸ್ಟಿಕ್ ತಟ್ಟೆ. ಇಂಥ ಮನೆಯಲ್ಲಿ ಹುಡುಗಿ ಲೋಹದ ಗುರಾಣಿ ಬೇಕು ಎಂದರೆ ಏನು ಹೇಳುವುದು?

ನಾನು ಎರಡು ದಿನ ಮಾತು ಮರೆಸಿದೆ. ಅವಳು ಮರೆಯಲಿಲ್ಲ. ಹೊಸ ತಗಡು ತಂದು ಕಮ್ಮಾರರ ಹತ್ತಿರ ಮಾಡಿಸುವಷ್ಟು ಅನುಕೂಲ ನಮಗಿರಲಿಲ್ಲ. ಕೊನೆಗೆ ಇಬ್ಬರೂ ಪೀರಾಸಾಬರ ಗುಜರಿ ಅಂಗಡಿಗೆ ಹೋದೆವು. ಅವರು ಮೊದಲು ಹಳೆಯ ಟಿವಿಯ ಡಿಶ್ ಒಂದನ್ನು ಎಳೆದು ತೋರಿಸಿದರು.

"ಇದು ಮೊಟ್ಟೆ ಥರ ಐತೆ" ಎಂದಳು ಭೂಮಿಕಾ.

"ಎಲ್ಲಾ ಡಿಶ್ಶೂ ಹಂಗೇ ಇರ್ತಾವಮ್ಮ. ನೀನು ಗುಂಡಗಿರೋದು ಬೇಕು ಅಂದ್ರೆ..." ಎನ್ನುತ್ತಾ ಅವರು ರಾಶಿಯ ಹಿಂದೆ ಹೋಗಿ, ಮದುವೆ ಮನೆಗಳಲ್ಲಿ ಅನ್ನ ಮಾಡುವ ದೊಡ್ಡ ಡಬರಿಯ ಅಲ್ಯೂಮಿನಿಯಂ ಮುಚ್ಚಳವನ್ನು ಉರುಳಿಸಿಕೊಂಡು ಬಂದರು. ಅಂಚು ಒಂದು ಕಡೆ ನೆಗ್ಗಿತ್ತು, ಹಿಡಿ ಸಡಿಲವಾಗಿತ್ತು, ಸುಟ್ಟ ಕಲೆಗಳಿದ್ದವು. ಭೂಮಿಕಾ ಅದನ್ನು ಎದೆಗೆ ಒತ್ತಿ ಹಿಡಿದು ನೋಡಿದಳು. ಗದ್ದದಿಂದ ಮೊಣಕಾಲಿನವರೆಗೆ ಬಂತು. "ಇದೇ" ಎಂದಳು. ಪೀರಾಸಾಬರು ಅದರ ಬದಲಿಗೆ ತಮ್ಮ ಸೊಸೆಗೆ ಎರಡು ಕೈ ತುಂಬ ಹಸಿರು ಬಳೆ ಕೇಳಿದರು.

ಹಿತ್ತಲಿನಲ್ಲಿ ಕೆಲಸ ಶುರುವಾಯಿತು. ಮುಚ್ಚಳ ಚಪ್ಪಟೆಯಾಗಿತ್ತು. ಗುರಾಣಿ ಎಂದರೆ ನಡುವೆ ಉಬ್ಬಿರಬೇಕು ಎಂದು ಭೂಮಿಕಾಳ ಹಟ. ಗೋಣಿಚೀಲಕ್ಕೆ ಒದ್ದೆ ಮರಳು ತುಂಬಿ, ನಡುವೆ ಗುಳಿ ಮಾಡಿ, ಅದರ ಮೇಲೆ ಮುಚ್ಚಳವನ್ನು ಬೋರಲು ಹಾಕಿ ಮರದ ಕೊಡತಿಯಿಂದ ಬಡಿದೆವು. ಒಂದು ಗಂಟೆ ಬಡಿದ ಮೇಲೆ ಅದು ಗುರಾಣಿಯಂತೆಯೂ ಕಾಣಲಿಲ್ಲ, ಮುಚ್ಚಳದಂತೆಯೂ ಕಾಣಲಿಲ್ಲ. ಸುಟ್ಟ ಹಪ್ಪಳದ ಹಾಗೆ ಸುತ್ತಲೂ ಮುರುಟಿಕೊಂಡಿತ್ತು.

ತಿಪ್ಪೇಶಿ ಹಿತ್ತಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನೋಡಿಯೂ ನೋಡದವರಂತೆ ಇದ್ದವರಿಗೆ ಕೊನೆಗೆ ತಡೆಯಲಾಗಲಿಲ್ಲ.

"ನಡುವಿಂದ ಬಡದ್ರೆ ಹಂಗೇ ಆಗೋದು. ಅಂಚಿಂದ ಸುತ್ತಾ ಸುತ್ತಾ ಒಳಕ್ಕೆ ಬರ್ರಿ. ಪೆಟ್ಟು ಪಕ್ಕಪಕ್ಕದಾಗೆ ಬೀಳ್ಬೇಕು. ಅಷ್ಟು ಜೋರು ಬ್ಯಾಡ."

"ಹಿಂಗಾ ಅಪ್ಪಾಜಿ?"

"ಹಂಗಲ್ಲ."

"ಮತ್ತೆ ಹೆಂಗೆ?"

ಅವರು ಸುಲಿಯುತ್ತಿದ್ದ ಶೇಂಗಾ ಪಕ್ಕಕ್ಕಿಟ್ಟರು. ಆಮೇಲೆ ಒಳಗೆ ಹೋಗಿ, ಲೈನ್ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ರಬ್ಬರ್ ಗ್ಲೌಸುಗಳನ್ನು ಹುಡುಕಿ ಹಾಕಿಕೊಂಡು ಬಂದರು. ರಬ್ಬರಿನ ಮೂಲಕ ಸದ್ದು ಬರುವುದಿಲ್ಲ. ಮರಳಿನ ಮುಂದೆ ಕೂತು, ಎಡಗೈಯಲ್ಲಿ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಡಿಯತೊಡಗಿದರು. ಟಕ್ ಟಕ್ ಎಂದು ಒಂದೇ ಲಯದಲ್ಲಿ ಕೊಡತಿ ಬೀಳುತ್ತಿತ್ತು. ಕತ್ತಲಾಗುವ ಮೊದಲೇ ಮುಚ್ಚಳ ತನ್ನಷ್ಟಕ್ಕೆ ತಾನೇ ಉಸಿರೆಳೆದುಕೊಂಡ ಹಾಗೆ ಉಬ್ಬಿತು.

ಆ ವಾರವೆಲ್ಲ ಮನೆಯಲ್ಲಿ ಅದೇ ಕೆಲಸ. ಸುಟ್ಟ ಕಲೆಯನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದೆವು. ಭೂಮಿಕಾಳ ಮೂಗಿನ ತುದಿಯೂ ಬೆಳ್ಳಗಾಯಿತು. ಹಿಡಿ ಕಿತ್ತ ತೂತುಗಳನ್ನು ಮುಚ್ಚಲು ನಡುವೆ ಒಂದು ಸ್ಟೀಲ್ ಬಟ್ಟಲನ್ನು ಬೋರಲು ಕೂರಿಸುವುದು ಎಂದಾಯಿತು. ಮೊಳೆಗೆ ದಾರ ಕಟ್ಟಿ ಸುತ್ತಲೂ ಗೆರೆ ಎಳೆದು, ಗೆರೆಯ ಗುಂಟ ಕರೆಂಟ್ ಟೇಪು ಅಂಟಿಸಿ, ಗೇಟಿಗೆ ಹೊಡೆದು ಉಳಿದಿದ್ದ ಕೆಂಪು ಬಣ್ಣ ಬಳಿದೆವು. ಟೇಪು ಕಿತ್ತಾಗ ಬೆಳ್ಳಿಯ ಬಳೆಗಳಂತೆ ಹೊಳೆಯುವ ಉಂಗುರಗಳು ಮೂಡಿದವು. ಅದನ್ನು ನೋಡಲು ಪಕ್ಕದ ಮನೆಯವರೂ ಬಂದರು.

ಕೈ ತೂರಿಸಲು ಪಟ್ಟಿ ಬೇಕಿತ್ತು. ನಾನು ಹಳೆಯ ಚೀಲದ ಪಟ್ಟಿ ಹುಡುಕುತ್ತಿದ್ದಾಗ ತಿಪ್ಪೇಶಿ ತಾವು ಕಂಬ ಹತ್ತುವಾಗ ಸೊಂಟಕ್ಕೆ ಕಟ್ಟುತ್ತಿದ್ದ ಚರ್ಮದ ಬೆಲ್ಟನ್ನು ತಂದು ಕತ್ತರಿಯಿಟ್ಟರು.

"ರೀ, ಅದನ್ಯಾಕೆ ಕೊಯ್ತೀರಿ?"

"ಇನ್ನೇನ್ ಹತ್ತೋದೈತೆ?" ಎಂದರು. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವರು ಸುಮ್ಮನೆ ಹೇಳಿದರು.

ಪಟ್ಟಿಗೆ ರಿವೀಟು ಹೊಡೆಯುವಾಗ ತೊಂದರೆಯಾಯಿತು. ದಪ್ಪ ಗ್ಲೌಸಿನಲ್ಲಿ ಆ ಸಣ್ಣ ರಿವೀಟು ನಿಲ್ಲುತ್ತಿರಲಿಲ್ಲ, ಮತ್ತೆ ಮತ್ತೆ ಜಾರಿ ಮರಳಿನಲ್ಲಿ ಬೀಳುತ್ತಿತ್ತು. ಅವರು ಬೇಸತ್ತು ಬಲಗೈ ಗ್ಲೌಸು ತೆಗೆದು ರಿವೀಟನ್ನು ತೂತಿಗೆ ಇಟ್ಟರು. ಗುರಾಣಿ ಗುಂಯ್ ಎಂದಿತು. ನಾನು ಒಗೆಯುವ ಬಟ್ಟೆಯ ಕಡೆ ತಿರುಗಿಕೊಂಡೆ. ಗುರಾಣಿಯ ಇನ್ನೊಂದು ಅಂಚನ್ನು ಹಿಡಿದು ಕೂತಿದ್ದ ಭೂಮಿಕಾ ಮಾತ್ರ ಕಿಸಕ್ಕೆಂದು ನಕ್ಕಳು.

"ಅಪ್ಪಾಜಿ, ಕಚಗುಳಿ ಇಟ್ಟಂಗೆ ಆಗ್ತೈತೆ!"

ಅವರು ಆ ಒಂದು ರಿವೀಟು ಹೊಡೆದು ಕೈ ತೆಗೆದರು. ಉಳಿದವನ್ನು ನಾನು ಹೊಡೆದೆ.

ನಾಟಕದ ಕತೆ ನನಗೆ ಗೊತ್ತಾಗಿದ್ದು ಅದರ ಮರುದಿನ, ಅವಳು ಮಾತು ಒಪ್ಪಿಸುವಾಗ. ಕತೆ ಅವಳೇ ಕಟ್ಟಿದ್ದು. ಒಂದು ಊರು. ಆ ಊರಿಗೆ ಒಬ್ಬ ರಾಕ್ಷಸ ಬರುತ್ತಾನೆ. ಅವನಿಗೆ ಒಂದೇ ಒಂದು ಸದ್ದು ಕಂಡರೆ ಆಗದು, ಲೋಹ ಗುಂಯ್‌ಗುಡುವ ಸದ್ದು. ಆದರೆ ಊರಿನವರು ನಾಚಿಕೆಯಿಂದ ಲೋಹವನ್ನೆಲ್ಲ ಬಾವಿಗೆ ಹಾಕಿರುತ್ತಾರೆ. ಹೀರೋ ಒಬ್ಬಳ ಹತ್ತಿರ ಗುರಾಣಿ ಉಳಿದಿರುತ್ತದೆ. ರಾಕ್ಷಸ ಬಂದಾಗ ಅವಳಿಗೆ ಭಯವಾಗುತ್ತದೆ. ಭಯವಾದರೂ ಗುರಾಣಿ ಬಿಡುವುದಿಲ್ಲ. ಅದು ಗುಂಯ್‌ಗುಟ್ಟಿ ರಾಕ್ಷಸ ಓಡುತ್ತಾನೆ.

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಪಕ್ಕ ಕೂತೆ. "ಭೂಮಿ, ಇದು ಬ್ಯಾಡ ಕಣೆ. ಇಡೀ ಊರೇ ಬಂದಿರ್ತೈತೆ. ಗುಂಯ್ ಅಂದ ಕೂಡ್ಲೇ ಎಲ್ರೂ ನಿಮ್ಮಪ್ಪಾಜಿ ಕಡೀಗೆ ತಿರುಗಿ ನೋಡ್ತಾರೆ."

"ನೋಡ್ಲಿ."

"ಅವರಿಗೆ ಹೆಂಗಾಗ್ಬೇಕು?"

ಅವಳು ಯೋಚಿಸಿದಳು. "ಅಪ್ಪಾಜಿಗೆ ನಗ್ತಾರಲ್ಲ, ಹೀರೋಗೆ ಹೆಂಗೆ ನಗ್ತಾರೆ?" ಎಂದಳು. ಗಂಡನಿಗೆ ಹೇಳಬೇಕು ಅಂದುಕೊಂಡೆ. ಹೇಳಿದರೆ ಅವರು ಬರುವುದಿಲ್ಲ ಎಂದು ಹೇಳದೆ ಉಳಿದೆ.

ನಾಟಕ ಕಲಿಸುತ್ತಿದ್ದ ಪಾಲಾಕ್ಷಪ್ಪ ಮೇಷ್ಟ್ರು ನನ್ನನ್ನು ಶಾಲೆಗೆ ಕರೆಸಿದರು. ಒಳ್ಳೆಯ ಮನುಷ್ಯ. "ನೋಡ್ರಿ ಓಂಕಾರಮ್ಮ, ಚೆಂದ ಮಾಡೀರಿ, ಇಲ್ಲ ಅನ್ನಲ್ಲ. ಆದ್ರೆ ಸ್ಟೇಜಿನ ಮೇಲೆ ಅದು ಗುಂಯ್ ಅಂದ್ರೆ ನಾಟಕ ಕೆಟ್ಟು ಹೋಗ್ತೈತೆ" ಎಂದರು.

"ಅನ್ಲಿಲ್ಲ ಅಂದ್ರೇನೇ ಕೆಡೋದು ಸಾರ್" ಎಂದಳು ಪಕ್ಕದಲ್ಲಿದ್ದ ಭೂಮಿಕಾ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಆಯ್ತು, ನೋಡಾಣ" ಎಂದರು.

ವಾರ್ಷಿಕೋತ್ಸವ ಶನಿವಾರ ಮಧ್ಯಾಹ್ನವಿತ್ತು. ಶಾಲೆಯ ಹಾಲ್ ತುಂಬಿತ್ತು. ತಿಪ್ಪೇಶಿ ಬಂದರು, ಆದರೆ ಕೂರಲಿಲ್ಲ. ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತರು. ನಾನು ಮಹಿಳೆಯರ ಸಾಲಿನ ಕೊನೆಯಲ್ಲಿ ಕೂತೆ, ತಿರುಗಿದರೆ ಅವರು ಕಾಣುವ ಹಾಗೆ.

ಪರದೆ ಸರಿಯಿತು. ಕೆಂಪು ಚಾದರವನ್ನು ಹೆಗಲಿಗೆ ಕಟ್ಟಿಕೊಂಡು, ಸೊಂಟಕ್ಕೆ ಮರದ ಕತ್ತಿ ಸಿಕ್ಕಿಸಿ, ಗುರಾಣಿ ಹಿಡಿದು ಭೂಮಿಕಾ ಬಂದಾಗ ಹಾಲ್ ಒಮ್ಮೆ ಉಸಿರೆಳೆದುಕೊಂಡಿತು. ಕಿಟಕಿಯ ಬಿಸಿಲು ಗುರಾಣಿಯ ಉಂಗುರಗಳ ಮೇಲೆ ಬಿದ್ದು ಮಾಡಿನ ತುಂಬ ಆಡುತ್ತಿತ್ತು. "ಡಬರಿ ಮುಚ್ಚಳ ಅಂತೆ" ಎಂದು ನನ್ನ ಮುಂದಿದ್ದವರು ಪಿಸುಗುಟ್ಟಿದರು. "ಅಯ್ಯೋ, ಹಂಗ್ ಕಾಣಲ್ಲ ಬಿಡ್ರಿ" ಎಂದರು ಇನ್ನೊಬ್ಬರು. ನನಗೆ ಎದೆಯುಬ್ಬಿ ಬಂತು.

ಊರಿನವರು ಲೋಹವನ್ನು ಬಾವಿಗೆ ಹಾಕಿದರು. ರಾಕ್ಷಸ ಬಂದ. ಭೂಮಿಕಾ ಮುಂದೆ ಬಂದು ಕಾಲು ಅಗಲಿಸಿ ನಿಂತು ಹೇಳಿದಳು: "ನಿಲ್ಲೋ ರಾಕ್ಷಸಾ! ನನಗೆ ಭಯ ಆಗ್ತೈತೆ. ನನ್ನ ಗುರಾಣಿ ಏನಂತೈತೆ ಕೇಳು!"

ಗುರಾಣಿ ಏನೂ ಅನ್ನಲಿಲ್ಲ.

ಅವಳು ಅದನ್ನು ಮೇಲಕ್ಕೆತ್ತಿದಳು. ಕಣ್ಣು ಬಿಗಿಯಾಗಿ ಮುಚ್ಚಿದಳು. ಏನೋ ಭಯಂಕರವಾದದ್ದನ್ನು ನೆನೆಯಲು ಒದ್ದಾಡುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಆದರೆ ಆ ಹುಡುಗಿಗೆ ಸ್ಟೇಜಿನ ಮೇಲೆ ಭಯವೇ ಆಗುತ್ತಿರಲಿಲ್ಲ, ಅವಳು ಖುಷಿಯಾಗಿದ್ದಳು. "ಕೇಳು!" ಎಂದಳು ಮತ್ತೆ. ರಾಕ್ಷಸನಾಗಿದ್ದ ಹುಡುಗ ಓಡಬೇಕೋ ನಿಲ್ಲಬೇಕೋ ತಿಳಿಯದೆ ಮೇಷ್ಟ್ರ ಕಡೆ ನೋಡಿದ. ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿನ ಹುಡುಗನೊಬ್ಬ ಬಾಯಿಂದಲೇ ಗುಂಯ್ ಎಂದ, ಹಾಲ್ ನಕ್ಕಿತು, ಮತ್ತು ನಾನು ಹೆದರಿದ್ದ ಹಾಗೆಯೇ ಒಂದೊಂದೇ ತಲೆ ಹಿಂದಿನ ಗೋಡೆಯ ಕಡೆ ತಿರುಗಿತು.

ತಿಪ್ಪೇಶಿಯ ಮುಖ ಕೆಂಪಾಗಿತ್ತು. ಅವರಿಗೆ ಕತೆ ಆಗ ಅರ್ಥವಾಗಿತ್ತು. ಬಾಗಿಲು ಅವರ ಪಕ್ಕದಲ್ಲೇ ಇತ್ತು. ಹೊರಗೆ ಹೋಗುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ಏಳಲು ಅಣಿಯಾದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು, ಸ್ಟೇಜಿನ ಕಡೆ ನೋಡಿದರು. ಆಮೇಲೆ ಗೋಡೆ ಬಿಟ್ಟು, ಬೆಂಚುಗಳ ನಡುವಿನ ದಾರಿಯಲ್ಲಿ, ಮುರಿದು ಕೂಡಿದ ಕಾಲನ್ನು ಸ್ವಲ್ಪ ಎಳೆಯುತ್ತಾ ಮುಂದಕ್ಕೆ ನಡೆದರು. ನಗು ನಿಂತಿತು. ಸ್ಟೇಜಿನ ಮೆಟ್ಟಿಲು ಹತ್ತುವಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿದ್ದು ನನಗೆ ಕಂಡಿತು.

ಭೂಮಿಕಾಳ ಪಕ್ಕ ನಿಂತು ಅವರು ಗುರಾಣಿಯ ಅಂಚಿಗೆ ಎರಡೂ ಕೈ ಇಟ್ಟರು.

ಅಷ್ಟು ದೊಡ್ಡ ಸದ್ದನ್ನು ನಾನು ಕೇಳಿರಲಿಲ್ಲ. ನಾವು ಕೂತ ಬೆಂಚು ನಡುಗಿತು. ನಡುವಿನ ಸ್ಟೀಲ್ ಬಟ್ಟಲು ಗಡಗಡ ಅಲುಗಿತು. ರಾಕ್ಷಸ ನಿಜವಾಗಿಯೂ ಬೆಚ್ಚಿ, ಕೊಂಬು ಬೀಳಿಸಿಕೊಂಡು, ಪರದೆಗೆ ಸುತ್ತಿಕೊಂಡು ಓಡಿದ. ಜನ ನಕ್ಕರು. ಈ ಸಲ ರಾಕ್ಷಸನಿಗೆ ನಕ್ಕರು. ಯಾರೋ ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ ಹೊಡೆದರು. ಪಾಲಾಕ್ಷಪ್ಪ ಮೇಷ್ಟ್ರು ಪರದೆಯ ಅಂಚಿನಲ್ಲಿ ನಿಂತು, ಇಳಿಯಬೇಡಿ, ಅಲ್ಲೇ ಇರಿ ಎಂದು ಕೈ ಮಾಡುತ್ತಿದ್ದರು, ಏಕೆಂದರೆ ನಾಟಕ ಮುಗಿದಿರಲಿಲ್ಲ. ರಾಕ್ಷಸನ ಅಣ್ಣ ಬರುವುದಿತ್ತು.

ತಿಪ್ಪೇಶಿ ನಿಂತರು. ಗುರಾಣಿ ಗುಂಯ್‌ಗುಡುತ್ತಲೇ ಇತ್ತು. ಅವರು ಜನರನ್ನು ನೋಡುತ್ತಿದ್ದರು. ಜನ ಅವರನ್ನು ನೋಡುತ್ತಿದ್ದರು. ಹೀಗೆ ಸ್ವಲ್ಪ ಹೊತ್ತು ಕಳೆದ ಮೇಲೆ ಸದ್ದು ಇಳಿಯತೊಡಗಿತು. ಗಿರಣಿಯಷ್ಟಿದ್ದದ್ದು ಜೇನುಹುಳದಷ್ಟಾಯಿತು, ಆಮೇಲೆ ಸೊಳ್ಳೆಯಷ್ಟು. ಆಮೇಲೆ ಇಲ್ಲ.

ಭೂಮಿಕಾ ಗಾಬರಿಯಿಂದ ಅವರ ಕಡೆ ತಿರುಗಿ ಪಿಸುಗುಟ್ಟಿದಳು. ಮುಂದೆ ಮೈಕ್ ಇದ್ದದ್ದರಿಂದ ಇಡೀ ಹಾಲಿಗೆ ಕೇಳಿಸಿತು. "ಅಪ್ಪಾಜಿ, ನಿಲ್ಲಿಸ್ಬ್ಯಾಡ! ಇನ್ನೊಂದು ಸೀನ್ ಐತೆ!"

"ಹೆದ್ರಿಕೆ ಹೋತಲ್ಲವ್ವ" ಎಂದರು ಅವರು, ತಮಗೇ ನಂಬಿಕೆಯಿಲ್ಲದವರ ಹಾಗೆ. "ಏನ್ ಮಾಡ್ಲಿ?"

ರಾಕ್ಷಸನ ಅಣ್ಣ ಬಂದೇಬಿಟ್ಟ. ಭೂಮಿಕಾ ಒಂದು ಗಳಿಗೆ ಅಪ್ಪನನ್ನು ದುರುಗುಟ್ಟಿ ನೋಡಿ, ಬೇರೆ ದಾರಿಯಿಲ್ಲದೆ, ತನ್ನ ಮರದ ಕತ್ತಿಯಿಂದ ಗುರಾಣಿಗೆ ಇದ್ದಷ್ಟೂ ಜೋರಾಗಿ ಬಾರಿಸಿದಳು. ಢಣ್ ಎಂದಿತು. ಆ ರಾಕ್ಷಸನೂ ಓಡಿದ.

ಮನೆಗೆ ಹೊರಟಾಗ ಇನ್ನೂ ಬಿಸಿಲಿತ್ತು. ದಾರಿಯಲ್ಲಿ ಜನ ನಿಲ್ಲಿಸಿ ಗುರಾಣಿಯನ್ನು ಮುಟ್ಟಿ ನೋಡುತ್ತಿದ್ದರು. ಬಣ್ಣ ಯಾವುದು, ಬೆಲ್ಟು ಎಲ್ಲಿಯದು ಎಂದು ಕೇಳುತ್ತಿದ್ದರು. ಗುರಾಣಿ ಹೊತ್ತಿದ್ದ ತಿಪ್ಪೇಶಿ ನಿಂತು ನಿಂತು ಹೇಳುತ್ತಿದ್ದರು. ಭೂಮಿಕಾ ಮಾತ್ರ ಮುಖ ಊದಿಸಿಕೊಂಡು ನಮ್ಮ ಮುಂದೆ ನಡೆಯುತ್ತಿದ್ದಳು.

"ಸೋಮವಾರ ಚಿಕ್ಕ ಮಕ್ಕಳಿಗೆ ಇನ್ನೊಂದು ಸಲ ನಾಟಕ ಮಾಡ್ಬೇಕು. ಆವಾಗ ಸರಿಯಾಗಿ ಹೆದ್ರಬೇಕು ನೀನು" ಎಂದಳು.

"ಸೋಮವಾರ ಆಫೀಸ್ ಐತಲ್ಲವ್ವ."

"ಫೋನ್ ಎತ್ತೋಕೆ ಬ್ಯಾರೆಯೋರಿಲ್ವ?"

ತಿಪ್ಪೇಶಿ ಬೆವರು ಒರೆಸಿಕೊಳ್ಳಲೆಂದು ಗುರಾಣಿಯನ್ನು ನನ್ನ ಕೈಗೆ ಕೊಟ್ಟರು. ಟವೆಲಿನಿಂದ ಮುಖ ಒರೆಸುತ್ತಾ, ಮಗಳಿಗಲ್ಲ, ನನಗೆ ಹೇಳಿದರು: "ಸೋಮವಾರ ಸಾಹೇಬ್ರನ್ನ ಕಂಡು ಕೇಳ್ತೀನಿ ಕಣೆ. ಈ ಫೋನು ಸಾಕು. ಲೈನ್ ಮೇಲೇ ಹಾಕ್ರಿ ಅಂತೀನಿ. ಬೆಲ್ಟ್ ಹೊಸದು ಕೊಡ್ತಾರೆ."

ನಾನು ಏನೂ ಹೇಳಲಿಲ್ಲ. ಗುರಾಣಿ ಹೇಳಿತು. ನನ್ನ ಎರಡೂ ಕೈಗಳ ನಡುವೆ ಅದು ಗುಂಯ್‌ಗುಡತೊಡಗಿತು, ಮೊದಲು ಸಣ್ಣಗೆ, ಆಮೇಲೆ ಎದುರಿನ ಅಂಗಡಿಯವರು ತಿರುಗಿ ನೋಡುವಷ್ಟು. ಎದುರಿನವರು ಒಡನೆಯೇ ಕೇಳಿಸದವರಂತೆ ತಕ್ಕಡಿಯ ಕಡೆ ತಿರುಗಿಕೊಂಡರು. ಇಷ್ಟು ವರ್ಷ ಗಾಜಿನ ಬಳೆಗಳ ನಡುವೆ ಕೂತ ನನಗೆ ನನ್ನ ಸದ್ದು ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ. ನಾಚಿಕೆಯಾಗಿ ಅದನ್ನು ಕೆಳಗಿಡಲು ಬಗ್ಗಿದೆ.

"ಯಾಕೆ ಇಡ್ತೀಯ? ಅನ್ಲಿ ಬಿಡು" ಎಂದರು ಅವರು.

ಭೂಮಿಕಾ ತಿರುಗಿ ನಿಂತು ನನ್ನನ್ನೂ ಗುರಾಣಿಯನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳ ಊದಿದ ಮುಖ ಇಳಿಯಿತು. "ಅವ್ವಾ, ಸೋಮವಾರ ನೀನು ಬಾ" ಎಂದಳು.

ಅವಳು ಒಂದು ಕೈಯಿಂದ ಗುರಾಣಿಯ ಅಂಚು ಹಿಡಿದಳು. ನಾವು ಪೇಟೆಬೀದಿಯ ಉದ್ದಕ್ಕೂ ಅದೇ ಸದ್ದಿನಲ್ಲಿ ನಡೆದು ಮನೆಗೆ ಹೋದೆವು.